ಸಾವಿಗೊಂದು ಭಂಗಿ: ಕಲಬುರಗಿ ಸೀಮೆಯ ಕಲೆ ನಮ್ಮ ಕಣ್ಣಿಗೆ ಕಲಿಸಿದ್ದು

ಕಲಬುರಗಿಯ ಎರಡು ದೊಡ್ಡ ಜನಜಾತ್ರೆಗಳೂ ಇಬ್ಬರು ಮಹನೀಯರು ತೀರಿಕೊಂಡ ದಿನದ ನೆನಪಿನಲ್ಲಿ ನಡೆಯುತ್ತವೆ. ಹೋಳಿ ಹುಣ್ಣಿಮೆ ಕಳೆದ ಐದನೇ ದಿನ ಎಳೆಯುವ ತೇರು 1822ರಲ್ಲಿ ಲಿಂಗೈಕ್ಯರಾದ ದಾಸೋಹಿ ಶರಣಬಸವೇಶ್ವರರದು. ಗಂಧದ ಮೆರವಣಿಗೆಯೊಂದಿಗೆ ಶುರುವಾಗುವ ಉರುಸು 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇನವಾಜರದು. ಇಸವಿಯ ಲೆಕ್ಕದಲ್ಲಿ ಎರಡು ಮರಣಗಳ ನಡುವೆ ನಾಲ್ಕು ನೂರು ವರ್ಷಗಳ ಅಂತರ. ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ತೂರುವ ಮಗುವಿಗಾಗಲಿ, ದರ್ಗಾದ ಬೀದಿಯ ಬಣ್ಣದ ದೀಪಗಳನ್ನು ತಂದೆಯ ಹೆಗಲ ಮೇಲಿಂದ ನೋಡುವ ಮಗುವಿಗಾಗಲಿ ತಾನೊಂದು ಪುಣ್ಯತಿಥಿಗೆ ಬಂದಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಆದರೆ ಸಮಾಧಿ, ಬೆಳಕು, ಸಿಹಿ, ವಾದ್ಯ, ಜನಸಂದಣಿ ಎಲ್ಲವೂ ಒಂದೇ ಕಡೆ ಇರುವ ಚಿತ್ರ ಅದರ ಕಣ್ಣಿನಲ್ಲಿ ಉಳಿಯುತ್ತದೆ. ಮುಂದೆ ಎಂದೋ ಮನೆಯಲ್ಲಿ ಸಾವಾದಾಗ ಆ ಚಿತ್ರ ತನ್ನ ಕೆಲಸ ಶುರುಮಾಡುತ್ತದೆ.

ಸಾವಿನ ಬಗ್ಗೆ ನಮ್ಮಲ್ಲಿರುವ ಕಲ್ಪನೆ ಎಲ್ಲಿಂದ ಬಂದಿತು ಎಂದು ಕೇಳಿದರೆ ಕೆಲವರು ಧರ್ಮದಿಂದ ಎನ್ನುತ್ತಾರೆ, ಕೆಲವರು ಅನುಭವದಿಂದ ಎನ್ನುತ್ತಾರೆ. ಎರಡೂ ಅರ್ಧ ಉತ್ತರಗಳು. ತನ್ನ ಸಾವಿನ ಅನುಭವ ಯಾರಿಗೂ ಇಲ್ಲ. ಇನ್ನೊಬ್ಬರ ಸಾವಿನಲ್ಲಿ ಕಾಣುವುದು ಉಸಿರು ನಿಂತ ದೇಹ ಮತ್ತು ಆಮೇಲಿನ ಖಾಲಿತನ. ಧರ್ಮ ಹೇಳುವ ಐಕ್ಯ, ಜನ್ನತ್, ನಿರ್ವಾಣ ಇವು ಕಣ್ಣಿಗೆ ಬೀಳುವ ವಸ್ತುಗಳಲ್ಲ. ಅವನ್ನು ಒಬ್ಬ ಶಿಲ್ಪಿ ಕೆತ್ತಬೇಕು, ಒಬ್ಬ ಚಿತ್ರಗಾರ ಬಳಿಯಬೇಕು, ಒಬ್ಬ ಪದಗಾರ ಹಾಡಬೇಕು. ಹಾಗೆ ಕೆತ್ತಿದ್ದು, ಬಳಿದದ್ದು, ಹಾಡಿದ್ದು ನಮ್ಮ ಮನಸ್ಸಿನಲ್ಲಿ ಸಾವಿನ ಆಕಾರವಾಗಿ ನಿಲ್ಲುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಲೆಯನ್ನು ಈ ದೃಷ್ಟಿಯಿಂದ ನೋಡುತ್ತ ಹೋದಾಗ ನನಗೆ ಎದ್ದು ಕಂಡದ್ದು ಒಂದು ಸಂಗತಿ: ಇಲ್ಲಿನ ಒಂದೊಂದು ಕಲೆಯೂ ಸತ್ತವರಿಗೆ ಒಂದೊಂದು ಭಂಗಿಯನ್ನು ಕೊಟ್ಟಿದೆ. ಒಂದು ಕೂರಿಸುತ್ತದೆ, ಒಂದು ಮಲಗಿಸುತ್ತದೆ, ಒಂದು ಮೇಲಕ್ಕೆ ಎತ್ತುತ್ತದೆ, ಇನ್ನೊಂದು ಪೂರ್ತಿ ಮರೆಮಾಡುತ್ತದೆ. ನಮ್ಮ ಸಾವನ್ನು ನಾವು ನೆನೆಯುವಾಗ ಈ ಭಂಗಿಗಳಲ್ಲಿ ಒಂದರೊಳಗೆ ನಮ್ಮನ್ನು ಇಟ್ಟು ನೋಡಿಕೊಳ್ಳುತ್ತೇವೆ.

ಕೂರಿಸುವ ಕಲೆಯಿಂದಲೇ ತೊಡಗುತ್ತೇನೆ. ಲಿಂಗಾಯತರ ಮನೆಯಲ್ಲಿ ಸಾವಾದರೆ ದೇಹಕ್ಕೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹೂಮಾಲೆ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅಷ್ಟರಲ್ಲಿ ಅಂಗಳದಲ್ಲಿ ಓಣಿಯ ಹುಡುಗರು ಬಿದಿರು ಸೀಳಿ, ಬಾಳೆದಿಂಡು ನಿಲ್ಲಿಸಿ, ಚೆಂಡುಹೂವಿನ ಸರ ಮತ್ತು ಬಣ್ಣದ ಸೀರೆಗಳಿಂದ ದೇಹವನ್ನು ಕೂರಿಸಿ ಹೊರುವ ವಿಮಾನ ಕಟ್ಟುತ್ತಿರುತ್ತಾರೆ. ಬಾಗಿದ ಬಿದಿರಿಗೆ ಕಮಾನು ಕೊಡುವುದು, ಕಳಸ ಕೂರಿಸುವುದು, ನಾಲ್ಕು ಕಂಬಗಳಿಗೆ ಸೀರೆಯ ನಿರಿಗೆ ಸಮನಾಗಿ ಬರುವಂತೆ ಸುತ್ತುವುದು ಎಲ್ಲರಿಗೂ ಬರುವ ಕೆಲಸವಲ್ಲ. ಪ್ರತಿ ಊರಿನಲ್ಲೂ ಇದಕ್ಕೆಂದು ಇಬ್ಬರು ಮೂವರು ಕೈಪಳಗಿದವರು ಇರುತ್ತಾರೆ. ಸುದ್ದಿ ತಿಳಿದ ಕೂಡಲೇ ಅವರನ್ನು ಹೊಲದಿಂದ ಕರೆಸುತ್ತಾರೆ. ಕೆಲವೇ ಗಂಟೆ ಬಾಳುವ ಈ ರಚನೆಯನ್ನು ಯಾರೂ ಕಲೆ ಎಂದು ಕರೆಯುವುದಿಲ್ಲ, ಯಾವ ಅಕಾಡೆಮಿಯ ಪಟ್ಟಿಯಲ್ಲೂ ಇದು ಸೇರಿಲ್ಲ. ನನ್ನ ದೃಷ್ಟಿಯಲ್ಲಿ ಇದು ಈ ಸೀಮೆಯ ಅತ್ಯಂತ ಗಂಭೀರವಾದ ಕಲೆಗಳಲ್ಲಿ ಒಂದು.

ಏಕೆಂದರೆ ವಿಮಾನದಲ್ಲಿ ಕೂತು ಹೋಗುವವರ ಮುಖ ಇಡೀ ಊರಿಗೆ ಕಾಣುತ್ತದೆ. ಹಲಗೆ ಬಾರಿಸುತ್ತ, ಭಜನೆ ಹಾಡುತ್ತ ಅದನ್ನು ಹೊತ್ತು ಸಾಗುವಾಗ ಮನೆಮನೆಯ ಬಾಗಿಲಲ್ಲಿ ನಿಂತ ಹೆಂಗಸರು, ಮಕ್ಕಳು ಆ ಮುಖವನ್ನು ಸರಿಸಮಾನ ಎತ್ತರದಲ್ಲಿ ನೋಡುತ್ತಾರೆ. ಕುಣಿಯಲ್ಲೂ ಅದೇ ಭಂಗಿ: ಕಾಲು ಮಡಚಿ ಕೂತ ದೇಹ, ಎಡಗೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ, ಬಿಲ್ವಪತ್ರೆ. ಬದುಕಿದ್ದಷ್ಟು ದಿನ ಬೆಳಿಗ್ಗೆ ಪೂಜೆಗೆ ಕೂತದ್ದೂ ಹೀಗೆಯೇ. ಈ ಚಿತ್ರವನ್ನು ಬಾಲ್ಯದಿಂದ ಕಂಡವರಿಗೆ ಸಾವು ಎಂದರೆ ಬೀಳುವುದು ಎಂಬ ಭಾವ ಬರುವುದು ಕಷ್ಟ. ಸಂಧಿವಾತದಿಂದ ಮೊಣಕಾಲು ಮಡಚಲಾಗದ ಹಿರಿಯರು, "ನನ್ನನ್ನು ಹೇಗೆ ಕೂರಿಸುತ್ತೀರೋ" ಎಂದು ಮಕ್ಕಳನ್ನು ಕೇಳುವುದನ್ನು ನಾನು ಕೇಳಿದ್ದೇನೆ. ಅವರ ಚಿಂತೆ ಉಸಿರು ಹೋಗುವುದರ ಬಗ್ಗೆ ಇರಲಿಲ್ಲ, ಆ ಭಂಗಿ ಕೆಡುವುದರ ಬಗ್ಗೆ ಇತ್ತು. ಕಲೆಯೊಂದು ಸಾವಿನ ಕಲ್ಪನೆಯನ್ನು ಎಷ್ಟು ಆಳಕ್ಕೆ ರೂಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಮಣ್ಣು ಮಾಡುವ ಮುನ್ನಿನ ರಾತ್ರಿ ಭಜನೆ ನಡೆಯುತ್ತದೆ. ಏಕತಾರಿ, ತಾಳ, ದಮ್ಮಡಿ. ಈಗ ಹಾರ್ಮೋನಿಯಂ, ತಬಲಾ ಕೂಡ. ಹಾಡುವುದು ತತ್ವಪದಗಳನ್ನು. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರು ಮತ್ತು ಅವರ ದಾರಿಯಲ್ಲಿ ನಡೆದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ರಾಮಪುರದ ಬಕ್ಕಪ್ಪ ಮೊದಲಾದವರು ಕಟ್ಟಿದ ಪದಗಳು ಈ ಭಾಗದ ಭಜನಾ ಮಂಡಳಿಗಳ ಉಸಿರು. ಈ ಗುರುಶಿಷ್ಯರ ಸಾಲಿನಲ್ಲಿ ಲಿಂಗಾಯತರಿದ್ದಾರೆ, ಮುಸ್ಲಿಮರಿದ್ದಾರೆ, ದಲಿತರಿದ್ದಾರೆ. ಹಾಗಾಗಿ ಸಾವಿನ ಮನೆಯಲ್ಲಿ ಕೇಳುವ ಹಾಡು ಒಂದೇ ಜಾತಿಯ ಸೊತ್ತಾಗಿ ಉಳಿದಿಲ್ಲ.

ಈ ಪದಗಳು ಸತ್ತವರನ್ನು ಹೊಗಳುವುದಿಲ್ಲ. ದೇಹವೆಂಬ ಒಂಬತ್ತು ಬಾಗಿಲಿನ ಮನೆ, ಗೂಡು ಬಿಟ್ಟು ಹೋಗುವ ಹಕ್ಕಿ, ಸಂಜೆಗೆ ಚದುರುವ ಸಂತೆ, ಇಂಥ ರೂಪಕಗಳಲ್ಲಿ ಅವು ಮಾತಾಡುತ್ತವೆ, ಮತ್ತು ನೇರವಾಗಿ ಕೇಳುವವನನ್ನೇ ಉದ್ದೇಶಿಸಿ ಮಾತಾಡುತ್ತವೆ. ಎದುರಿಗೆ ಹೆಣ ಇದೆ, ಹಾಡು ಮಾತ್ರ ಬದುಕಿರುವವನ ಎದೆಗೆ ಬೆರಳು ತೋರುತ್ತದೆ. ಮೊದಲ ಸಲ ಕೇಳುವವರಿಗೆ ಇದು ಕಠೋರ ಅನ್ನಿಸಬಹುದು. ಆದರೆ ಗಮನಿಸಬೇಕಾದ್ದು ಇಲ್ಲಿದೆ: ಆ ರಾತ್ರಿ ಹಾಡುವ ಪದಗಳು ಆ ರಾತ್ರಿಗಾಗಿಯೇ ಮೀಸಲಾದವಲ್ಲ. ಅಮಾವಾಸ್ಯೆಯ ಭಜನೆಯಲ್ಲಿ, ಶ್ರಾವಣದ ಸೋಮವಾರದಲ್ಲಿ, ಮಠದ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಾಗ ಅವೇ ಧಾಟಿಗಳು ನಮ್ಮ ಕಿವಿಗೆ ಬಿದ್ದಿರುತ್ತವೆ. ನೆಮ್ಮದಿಯ ದಿನಗಳಲ್ಲಿ ಕಲಿತ ಧಾಟಿ ಸಂಕಟದ ದಿನ ಬಾಯಿಗೆ ತಾನಾಗಿ ಬರುತ್ತದೆ. ದುಃಖ ಬಂದ ಮೇಲೆ ಹೊಸದಾಗಿ ಸಾಂತ್ವನ ಹುಡುಕುವುದು ಬಾವಿ ತೋಡಿ ಬೆಂಕಿ ಆರಿಸಿದಂತೆ. ಭಜನೆಯ ಸಂಪ್ರದಾಯ ಆ ಬಾವಿಯನ್ನು ಮೊದಲೇ ತೋಡಿಡುತ್ತದೆ.

ಮಲಗಿದ ಭಂಗಿಗೆ ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಹೋಗಬೇಕು. ಊರಿನ ಬಳಿಯ ಗುಡ್ಡಸಾಲು ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ: ತಲೆ, ಎದೆ, ಕಾಲು. ಜನ ಅದನ್ನು ಬುದ್ಧ ಮಲಗಿದ ಬೆಟ್ಟ ಎನ್ನುತ್ತಾರೆ. ಅಲ್ಲಿ ಯಾವ ಶಿಲ್ಪಿಯ ಉಳಿಯೂ ತಾಗಿಲ್ಲ. ಮಹಾಪರಿನಿರ್ವಾಣದ ಬುದ್ಧನನ್ನು ಶಿಲ್ಪದಲ್ಲೋ ಚಿತ್ರದಲ್ಲೋ ಎಂದಾದರೂ ಕಂಡ ಕಣ್ಣಿಗೆ ಮಾತ್ರ ಆ ಬಂಡೆಗಳಲ್ಲಿ ಬುದ್ಧ ಕಾಣಿಸುತ್ತಾನೆ. ಕಾಣದ ಕಣ್ಣಿಗೆ ಅದು ಬರೀ ಗುಡ್ಡ. ಕಲೆ ನಮ್ಮ ನೋಟವನ್ನು ತಿದ್ದುತ್ತದೆ ಎಂಬ ಮಾತಿಗೆ ಇಷ್ಟು ದೊಡ್ಡ ಸಾಕ್ಷಿ ಬಯಲಲ್ಲೇ ಬಿದ್ದಿದೆ.

ಬೀದರಿನಿಂದ ಮೂರು ಕಿಲೋಮೀಟರ್ ದೂರದ ಅಷ್ಟೂರು ಬೇರೆಯದೇ ಪಾಠ ಹೇಳುತ್ತದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ 1436ರಲ್ಲಿ ತೀರಿಕೊಂಡ. ಅವನ ಗುಮ್ಮಟ ಹೊರಗಿನಿಂದ ನೋಡಿದರೆ ದಪ್ಪ ಗೋಡೆಯ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಮೊದಲು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ, ಅಥವಾ ಕಾವಲಿನವರು ಹೊರಗಿನ ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ಹಾಯಿಸಿದ ಮೇಲೆ, ಕೆಂಪು, ನೀಲಿ, ಹಸಿರು, ಚಿನ್ನದ ಬಣ್ಣಗಳು ಗೋಡೆಯಿಂದ ಏಳುತ್ತವೆ. ಹೂಬಳ್ಳಿಗಳು, ನಕ್ಷತ್ರದ ವಿನ್ಯಾಸಗಳು, ಬಗೆಬಗೆಯ ಲಿಪಿಗಳಲ್ಲಿ ಬರೆದ ಸಾಲುಗಳು. ಸುಲ್ತಾನ ಗುರುವೆಂದು ನಂಬಿದ ಇರಾನಿನ ಕಿರ್ಮಾನ್ ಪ್ರಾಂತದ ಶಾಹ ನಿಅಮತುಲ್ಲಾ ಅವರ ಕವಿತೆ ಇದೆ, ಸೂಫಿ ಗುರುಪರಂಪರೆಯ ಹೆಸರುಗಳ ಸಾಲಿದೆ. ಮನುಷ್ಯನ ಒಂದು ಆಕೃತಿಯೂ ಇಲ್ಲ.

ಇಲ್ಲಿ ಭಂಗಿ ಸತ್ತವನದಲ್ಲ, ನೋಡುವವನದು. ಗೋರಿಗೆ ತಲೆಬಾಗಿಸಿ ಒಳಗೆ ಬಂದವನ ಕತ್ತು ತಾನಾಗಿ ಮೇಲಕ್ಕೆ ಎತ್ತುತ್ತದೆ. ಗುಮ್ಮಟದೊಳಗಿನ ಬಳ್ಳಿಯನ್ನು ಕಣ್ಣಿನಿಂದ ಹಿಂಬಾಲಿಸಿದರೆ ಅದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹೇಳಲಾಗುವುದಿಲ್ಲ. ಆಕೃತಿ ಇದ್ದರೆ ಅದಕ್ಕೊಂದು ವಯಸ್ಸು, ಒಂದು ಮುಖ, ಒಂದು ಕೊನೆ ಇರುತ್ತದೆ. ವಿನ್ಯಾಸಕ್ಕೆ ಅದಿಲ್ಲ. ಕೆಳಗೆ ನೆಲದಲ್ಲಿ ಖಚಿತವಾಗಿ ಮುಗಿದುಹೋದ ಒಂದು ಬದುಕು, ಮೇಲೆ ಮುಗಿಯಲೊಲ್ಲದ ಗೆರೆ. ಇವೆರಡರ ನಡುವೆ ನಿಂತ ದೇಹಕ್ಕೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಮನಸ್ಸಿನಲ್ಲಿ ಸಾವು ನೆಲದಿಂದ ಎದ್ದು ಛಾವಣಿಯ ಕಡೆ ಸರಿಯುತ್ತದೆ.

ಈ ಗುಮ್ಮಟದ ಉರುಸು ಹೋಳಿಯ ನಂತರ, ಹಿಂದೂ ಪಂಚಾಂಗದ ಲೆಕ್ಕದಲ್ಲಿ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಶಂಖ ಊದಿ, ಕಾಯಿ ಒಡೆದು ಪೂಜೆ ಸಲ್ಲಿಸುತ್ತಾರೆ. ಅವರ ಭಕ್ತಿಯಲ್ಲಿ ಆ ಸುಲ್ತಾನ ಅಲ್ಲಮಪ್ರಭುವಿನ ಅವತಾರ. ಇತಿಹಾಸದ ಪುಸ್ತಕ ಹಿಡಿದು ಇದನ್ನು ತಪ್ಪು ಎನ್ನುವವರಿದ್ದಾರೆ. ಅವರ ಜೊತೆ ವಾದಕ್ಕೆ ನಾನು ಹೋಗುವುದಿಲ್ಲ. ಒಂದೇ ಗೋರಿಯ ಮುಂದೆ ಒಬ್ಬರು ಫಾತಿಹಾ ಓದಿ, ಇನ್ನೊಬ್ಬರು ಶಂಖ ಊದುವುದನ್ನು ವರ್ಷವರ್ಷವೂ ಕಂಡ ಊರಿನಲ್ಲಿ, ಸತ್ತವರು ಯಾರಿಗೆ ಸೇರಿದವರು ಎಂಬ ಪ್ರಶ್ನೆಗೆ ಬಿಗಿಯಾದ ಉತ್ತರ ಬೆಳೆಯುವುದಿಲ್ಲ ಎಂಬುದಷ್ಟೇ ನನಗೆ ಮುಖ್ಯ.

ಅದೇ ಸಾಲಿನಲ್ಲಿ ಹುಮಾಯೂನ್ ಶಾಹನ ಗೋರಿ ಇದೆ. 1461ರಲ್ಲಿ ಸತ್ತ, ಕ್ರೂರಿ ಎಂದು ಹೆಸರಾದ ದೊರೆ. ಸಿಡಿಲು ಬಡಿದು ಗುಮ್ಮಟದ ಅರ್ಧ ಉದುರಿಹೋಗಿ, ಉಳಿದರ್ಧ ಆಕಾಶಕ್ಕೆ ಬಾಯ್ತೆರೆದು ನಿಂತಿದೆ. ಮಾಡಿದ್ದನ್ನು ಉಂಡ ಎಂದು ಜನ ಕಥೆ ಕಟ್ಟಿದ್ದಾರೆ. ಕಟ್ಟಿದವರು ಉದ್ದೇಶಿಸದ ಅರ್ಥವನ್ನು ಪಾಳು ಕೊಟ್ಟಿದೆ, ನೋಡುವವರು ಅದನ್ನು ಕರ್ಮದ ಪಾಠವಾಗಿ ಓದುತ್ತಾರೆ. ಪಟ್ಟಣದ ಇನ್ನೊಂದು ಬದಿಗಿರುವ ಅಲಿ ಬರೀದನ ಗೋರಿ ನನಗೆ ಇದಕ್ಕಿಂತ ಹೆಚ್ಚು ಇಷ್ಟ. 1580ರಲ್ಲಿ ತೀರಿಕೊಂಡ ಈ ದೊರೆ ಬದುಕಿದ್ದಾಗಲೇ ಅದನ್ನು ಕಟ್ಟಿಸಿಕೊಂಡಿದ್ದ. ನಾಲ್ಕೂ ಕಡೆ ಎತ್ತರದ ಕಮಾನುಗಳು, ಬಾಗಿಲೇ ಇಲ್ಲ. ಒಳಗೆ ಬಣ್ಣದ ಹೆಂಚುಗಳ ಮೇಲೆ ಪಾರಸಿ ಪದ್ಯಗಳು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಈಗ ಸುತ್ತ ಉದ್ಯಾನವಿದೆ, ಮಕ್ಕಳು ಆಡುತ್ತಾರೆ. ಗೋರಿಯೆಂದರೆ ಮುಚ್ಚಿದ ಜಾಗ ಎಂಬ ಭಯ ಆ ಮಕ್ಕಳಲ್ಲಿ ಹುಟ್ಟುವುದು ಸಾಧ್ಯವೇ ಎಂದು ನಾನು ಅಲ್ಲಿ ನಿಂತು ಯೋಚಿಸಿದ್ದುಂಟು.

ಈ ಮೂರೂ ಜಿಲ್ಲೆಗಳಲ್ಲಿ ಸಾವನ್ನು ಅತ್ಯಂತ ಹೆಚ್ಚು ಜನಕ್ಕೆ ಕಲಿಸುವ ಕಲೆ ಮಾತ್ರ ಮೊಹರಂ. ಇಸವಿ 680ರಲ್ಲಿ ಕರ್ಬಲಾದ ಮರಳಿನಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಮತ್ತು ಅವರ ಬಂಧುಗಳು ಬಾಯಾರಿ, ಹೋರಾಡಿ ಮಡಿದ ಘಟನೆ ನಮ್ಮ ಹಳ್ಳಿಗಳಿಗೆ ಬರುವಾಗ ಕನ್ನಡದ ಹಾಡಾಗಿದೆ. ಊರ ನಡುವೆ ಅಲಾಯಿ ಕುಣಿ ತೋಡಿ, ಬೆಂಕಿ ಹಾಕಿ, ಹಲಗೆಯ ಹೊಡೆತಕ್ಕೆ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆ ಹೇಳುವ ರಿವಾಯತ ಪದಗಳನ್ನು ಹಾಡುತ್ತಾರೆ. ಹಾಡುವವರಲ್ಲಿ, ಅಂಗೈ ಆಕಾರದ ಲೋಹದ ಪಂಜಾ ಹೊರುವವರಲ್ಲಿ, ಫಕೀರರಾಗುವ ಹರಕೆ ಹೊತ್ತವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಈ ಪಂಜಾಗಳ ರೂಪದಲ್ಲಿ ಪೀರ ದೇವರು ಕೂರುತ್ತಾರೆ. ಮನೆಗಳಲ್ಲಿ ಚೊಂಗೆ ಎಂಬ ಸಿಹಿ ಮಾಡುತ್ತಾರೆ. ಕತ್ತಲ ರಾತ್ರಿ ಕಳೆದು ಹತ್ತನೆಯ ದಿನ ದೇವರು ಹೊಳೆಗೆ ಹೊರಟಾಗ ಹೆಂಗಸರು ಅಳುತ್ತಾರೆ.

ಅವರು ಯಾರಿಗಾಗಿ ಅಳುತ್ತಾರೆ? ಮದುವೆಯ ಬಟ್ಟೆಯಲ್ಲೇ ರಣಕ್ಕೆ ಹೋದ, ಹುಸೇನರ ಅಣ್ಣನ ಮಗ ಖಾಸಿಮನ ಪದ ಬಂದಾಗ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಿಗೆ ಖಾಸಿಮ ನೆಪ. ಬೈಕ್ ಅಪಘಾತದಲ್ಲಿ ಹೋದ ಮಗ, ಹೆರಿಗೆಯಲ್ಲಿ ಹೋದ ಮಗಳು ಅಲ್ಲಿಗೆ ಬರುತ್ತಾರೆ. ಮನೆಯೊಳಗೆ ಒಬ್ಬಳೇ ಅತ್ತರೆ "ಇನ್ನೂ ಎಷ್ಟು ದಿನ" ಎನ್ನುವ ಜನ, ಅಲಾಯಿಯ ಮುಂದೆ ಅತ್ತರೆ ತಾವೂ ಅಳುತ್ತಾರೆ. ನಮ್ಮ ಕಾವ್ಯಮೀಮಾಂಸೆ ಇದನ್ನು ಸಾವಿರ ವರ್ಷದ ಹಿಂದೆಯೇ ವಿವರಿಸಿದೆ. ಶೋಕ ಎಂಬ ಭಾವ ಒಬ್ಬನಿಗೆ ಅಂಟಿಕೊಂಡಿರುವಷ್ಟು ಕಾಲ ಅದು ಬರೀ ನೋವು. ಕಾವ್ಯದಲ್ಲಿ, ನಾಟ್ಯದಲ್ಲಿ ಅದು ಒಬ್ಬನ ಹೆಸರಿನಿಂದ ಕಳಚಿಕೊಂಡು ಎಲ್ಲರದಾಗುತ್ತದೆ. ಆಗ ಅದು ಕರುಣ ರಸ. ಭಟ್ಟನಾಯಕ, ಅಭಿನವಗುಪ್ತರು ಇದನ್ನು ಸಾಧಾರಣೀಕರಣ ಎಂದು ಕರೆದರು. ಸ್ವಂತ ನೋವನ್ನು ಇನ್ನೊಬ್ಬರ ಕಥೆಯ ದೂರದಲ್ಲಿ ಇಟ್ಟು ನೋಡಿದಾಗ ಮಾತ್ರ ಅದನ್ನು ಪೂರ್ತಿ ನೋಡಲಾಗುತ್ತದೆ. ಕಣ್ಣಿಗೆ ತೀರ ಹತ್ತಿರವಿದ್ದ ಅಕ್ಷರ ಓದಲಾಗದು.

ಆಧುನಿಕ ಮನಶ್ಶಾಸ್ತ್ರ ಇದೇ ಜಾಗಕ್ಕೆ ಬೇರೆ ದಾರಿಯಿಂದ ಬಂದಿದೆ. 1917ರಲ್ಲಿ ಫ್ರಾಯ್ಡ್, ಸತ್ತವರ ಮೇಲಿನ ಮಮತೆಯನ್ನು ನಿಧಾನವಾಗಿ ಹಿಂತೆಗೆದುಕೊಳ್ಳುವುದೇ ಶೋಕದ ಕೆಲಸ ಎಂದು ಬರೆದ. ಸುಮಾರು ಎಂಬತ್ತು ವರ್ಷ ಈ ಮಾತು ಆಳಿತು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಜೊತೆಗಾರರು, ನಂಟು ಕಡಿಯುವುದಿಲ್ಲ, ಅದರ ರೂಪ ಬದಲಾಗುತ್ತದೆ, ಹಾಗಾಗುವುದು ಕಾಯಿಲೆಯೂ ಅಲ್ಲ ಎಂದು ತೋರಿಸಿದರು. ಪ್ರತಿ ವರ್ಷ ತೇರು ಎಳೆಯುವ, ಉರುಸು ಮಾಡುವ, ಸಮಾಧಿಗೆ ನೈವೇದ್ಯ ಒಯ್ಯುವ ನಮ್ಮ ಜನಕ್ಕೆ ಇದು ಹೊಸ ಸುದ್ದಿಯಲ್ಲ. ಇನ್ನೊಂದು ಸಿದ್ಧಾಂತವೂ ಇದೆ. ಅರ್ನೆಸ್ಟ್ ಬೆಕರ್ 1973ರಲ್ಲಿ ಮುಂದಿಟ್ಟ ವಿಚಾರವನ್ನು ಹಿಡಿದು 1980ರ ದಶಕದಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಬೆಳೆಸಿದ್ದು: ಸಾವಿನ ನೆನಪಾದೊಡನೆ ಮನುಷ್ಯ ಭಯಪಟ್ಟು ತನ್ನ ಸಂಸ್ಕೃತಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ, ಹೊರಗಿನವರನ್ನು ದೂರ ತಳ್ಳುತ್ತಾನೆ ಎಂಬುದು ಅದರ ಸಾರ. ಈ ಪ್ರಯೋಗಗಳಲ್ಲಿ ಪ್ರಮುಖವಾದ ಒಂದನ್ನು ಹಲವು ಪ್ರಯೋಗಾಲಯಗಳು ಸೇರಿ ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಕೋಣೆಯಲ್ಲಿ ಕೂರಿಸಿ ನಿನ್ನ ಸಾವಿನ ಬಗ್ಗೆ ಎರಡು ಸಾಲು ಬರೆ ಎನ್ನುವುದಕ್ಕೂ, ಮೂವತ್ತು ವರ್ಷ ಊರ ನಡುವೆ ಹಾಡಿನ ಜೊತೆ ಸಾವನ್ನು ಕಾಣುತ್ತ ಬೆಳೆಯುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ನಾನು ಕಂಡ ಅಲಾಯಿಯಲ್ಲಿ ಸಾವಿನ ನೆನಪು ಜನರನ್ನು ಒಟ್ಟಿಗೆ ತಂದಿದೆ.

ಆದರೆ ಕಲೆ ಸಾವಿಗೆ ಕೊಡುವ ಭಂಗಿ ಯಾವಾಗಲೂ ಒಳ್ಳೆಯದು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಈ ಭಾಗದ ಹಳೆಯ ಗುಡಿಗಳ ಅಂಗಳದಲ್ಲಿ, ಕೆರೆಯ ಏರಿಗಳ ಮೇಲೆ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತದ್ದು. ಕಣ್ಣು ಕೆಳಗಿನಿಂದ ಮೇಲಕ್ಕೆ ಓದುತ್ತದೆ, ಓದಿ ಮುಗಿಯುವಷ್ಟರಲ್ಲಿ ಗಾಯ, ನೆತ್ತರು, ನೀರಡಿಕೆ ಎಲ್ಲ ಮರೆತುಹೋಗಿರುತ್ತದೆ. ದನ ಕಾಯುತ್ತಲೋ ಊರು ಕಾಯುತ್ತಲೋ ಸತ್ತ ಒಬ್ಬ ಬಡವನ ಹೆಸರು ಉಳಿದದ್ದು ದೊಡ್ಡ ಮಾತು, ಒಪ್ಪುತ್ತೇನೆ. ಆ ಕಲ್ಲನ್ನು ನೋಡುತ್ತ ಬೆಳೆದ ಹುಡುಗನಿಗೆ ಇನ್ನೊಬ್ಬರ ಕಾಳಗದಲ್ಲಿ ಸಾಯುವುದು ಆಸೆಯಾಗಿ ಕಂಡಿತು ಎಂಬುದೂ ಅಷ್ಟೇ ನಿಜ.

ಮಹಾಸತಿ ಕಲ್ಲಿನ ಮುಂದೆ ನಿಂತಾಗ ನನಗೆ ಸಿಟ್ಟೇ ಬರುತ್ತದೆ. ಕಂಬದಿಂದ ಹೊರಚಾಚಿದ, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಒಂದು ತೋಳು, ತುಂಬ ಬಳೆ. ಸುಟ್ಟುಹೋದ ಹೆಂಗಸಿನ ದೇಹದಿಂದ ಶಿಲ್ಪಿ ಉಳಿಸಿಕೊಂಡದ್ದು ಆಶೀರ್ವಾದ ಮಾಡುವ ಕೈಯನ್ನು ಮಾತ್ರ. ಮುಖ ಬೇಡವಾಯಿತು, ಬಾಯಿ ಬೇಡವಾಯಿತು. ಕೆತ್ತನೆ ಎಷ್ಟು ಚೆಂದವೋ ಅಷ್ಟು ಅಪಾಯ. ಅರಿಶಿನ ಕುಂಕುಮ ಹಚ್ಚಿ ಆ ಕೈಗೆ ನಮಸ್ಕರಿಸುವ ಸೊಸೆಯಂದಿರ ಕಣ್ಣಿನಲ್ಲಿ ಗಂಡ ಸತ್ತ ಹೆಣ್ಣಿನ ಸಾವಿಗೆ ಒಂದು ಭಂಗಿ ಮೊದಲೇ ಸಿದ್ಧವಾಗಿರುತ್ತಿತ್ತು. ಕಲೆ ಸಾವ ಭಯವನ್ನು ಕಡಿಮೆ ಮಾಡುತ್ತದೆ ಎನ್ನುವಾಗ, ಯಾರ ಸಾವಿನ ಭಯವನ್ನು ಯಾರ ಅನುಕೂಲಕ್ಕೆ ಎಂದು ಕೇಳಲೇಬೇಕು.

ಈ ಪ್ರಶ್ನೆಯನ್ನು ನಮ್ಮ ನೆಲದ ಕಾವ್ಯ ಪರಂಪರೆಯೇ ಒಂದು ಕಥೆಯಾಗಿ ಕಟ್ಟಿದೆ. ಸೇಡಂ ತಾಲ್ಲೂಕಿನ ಇಂದಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ದೊರೆ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ, ಆಮೇಲೆ 941ರಲ್ಲಿ ಪಂಪ ಕನ್ನಡದಲ್ಲಿ ಹೇಳಿದ ಪ್ರಸಂಗ ಅದು. ಜೈನರ ಮೊದಲ ತೀರ್ಥಂಕರನಾಗಲಿದ್ದ ದೊರೆ ವೃಷಭನಾಥನ ಆಸ್ಥಾನದಲ್ಲಿ ನೀಲಾಂಜನೆ ಎಂಬ ದೇವನರ್ತಕಿ ಕುಣಿಯುತ್ತಿದ್ದಾಳೆ. ನಾಟ್ಯದ ನಡುವೆಯೇ ಅವಳ ಆಯುಷ್ಯ ತೀರಿ ಅವಳು ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣದಲ್ಲೇ ಅವಳಂಥದೇ ಇನ್ನೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ಹೆಜ್ಜೆ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಸಭೆ ಮೈಮರೆತು ನೋಡುತ್ತಲೇ ಇದೆ. ವೃಷಭನೊಬ್ಬನ ಕಣ್ಣಿಗೆ ಮಾತ್ರ ಒಬ್ಬಳು ಹೋಗಿ ಇನ್ನೊಬ್ಬಳು ಬಂದದ್ದು ಬೀಳುತ್ತದೆ, ಅವನು ರಾಜ್ಯ ಬಿಟ್ಟು ಹೊರಡುತ್ತಾನೆ.

ಒಂದೇ ನೃತ್ಯ ಸಾವಿರ ಜನರಿಂದ ಸಾವನ್ನು ಮುಚ್ಚಿಟ್ಟಿತು, ಒಬ್ಬನಿಗೆ ತೋರಿಸಿತು. ಕಲೆಯ ಎರಡೂ ಶಕ್ತಿಗಳನ್ನು ಇಷ್ಟು ಚಿಕ್ಕ ಜಾಗದಲ್ಲಿ ಹಿಡಿದ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ. ಪ್ರೇಕ್ಷಕನ ವಯಸ್ಸು, ಅವನು ಕಳೆದುಕೊಂಡದ್ದು, ಅವನ ಸಿದ್ಧತೆ ಇವುಗಳ ಮೇಲೆ ಏನು ಕಾಣುತ್ತದೆ ಎಂಬುದು ನಿಂತಿದೆ. ಇಪ್ಪತ್ತರ ವಯಸ್ಸಿನಲ್ಲಿ ಧಾಟಿಗಾಗಿ ಕೇಳಿದ ತತ್ವಪದವನ್ನು ತಂದೆ ತೀರಿದ ಮೇಲೆ ಕೇಳಿದರೆ ಅದೇ ಪದ ಬೇರೆ ಆಗಿರುತ್ತದೆ. ಪದ ಬದಲಾಗಿಲ್ಲ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯಲ್ಲಿ, ಭಾರತೀಯ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದು ತೆಗೆದ ಮಹಾಸ್ತೂಪವಿದೆ. ಅಶೋಕನ ಹೆಸರು ಕೆತ್ತಿದ ಶಿಲ್ಪಕ್ಕಾಗಿ ಅದು ಪ್ರಸಿದ್ಧ. ನಾನು ಅಲ್ಲಿ ಹೆಚ್ಚು ಹೊತ್ತು ನೋಡಿದ್ದು ಬುದ್ಧನ ಬದಲು ಖಾಲಿ ಪೀಠವನ್ನೂ ಪಾದದ ಗುರುತನ್ನೂ ಕೆತ್ತಿದ ಫಲಕಗಳನ್ನು. ಸುತ್ತ ಭಕ್ತರು ಕೈಮುಗಿದಿದ್ದಾರೆ. ನಡುವೆ ಯಾರೂ ಇಲ್ಲ. ಇಲ್ಲದಿರುವಿಕೆಯನ್ನು ಕೆತ್ತಲು ಆ ಶಿಲ್ಪಿಗಳು ಕಂಡುಕೊಂಡ ಉಪಾಯ ಅದು: ಹೋದವನ ಸ್ಥಳವನ್ನು ಬಿಡಿಸಿ, ಅವನನ್ನು ಬಿಡಿಸದಿರುವುದು.

ಇಲ್ಲದಿರುವಿಕೆಗೆ ಯಾವ ರೂಪವೂ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಎಲ್ಲರಿಗಿಂತ ಮೊದಲು ಕಂಡಿತು. ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ಕಲಬುರಗಿಯ ಹಿರಿಯರೊಬ್ಬರದು. ಆಮೇಲಿನ ಎರಡು ವರ್ಷ ವಿಮಾನ ಕಟ್ಟಲಿಲ್ಲ, ಹಲಗೆ ಬಾರಿಸಲಿಲ್ಲ, ಭಜನೆ ಕೂರಲಿಲ್ಲ. ಕೂರಬೇಕಾದ ದೇಹವನ್ನು ಚೀಲದಲ್ಲಿ ಮಲಗಿಸಿ ಒಯ್ದರು, ಮುಖ ನೋಡಲು ಬಿಡಲಿಲ್ಲ. ರೋಗ ಹರಡದಂತೆ ತಡೆಯಲು ಮಾಡಿದ ವ್ಯವಸ್ಥೆ ಅದು, ಅದನ್ನು ದೂರುತ್ತಿಲ್ಲ. ಆದರೆ ಆ ಸಾವುಗಳು ಮುಗಿಯಲಿಲ್ಲ. ತಾಯಿಯನ್ನು ಹಾಗೆ ಕಳೆದುಕೊಂಡವರು ಇಂದಿಗೂ "ನಾವು ಅವರನ್ನು ಕಳಿಸಲೇ ಇಲ್ಲ" ಎನ್ನುತ್ತಾರೆ. ನಿರ್ಬಂಧ ಸಡಿಲಿದ ಮೇಲೆ ವರ್ಷದ ಪುಣ್ಯತಿಥಿಗೆ ರಾತ್ರಿಯಿಡೀ ಭಜನೆ ಇಟ್ಟ ಮನೆಗಳನ್ನು ನಾನು ಬಲ್ಲೆ. ಹೆಣವಿಲ್ಲದ ಮನೆಯಲ್ಲಿ ಹೆಣದ ಮುಂದೆ ಹಾಡುವ ಪದಗಳನ್ನೇ ಹಾಡಿಸಿದರು. ಒಂದು ಮನೆಯಲ್ಲಿ ವಿಭೂತಿ ಹಚ್ಚಿದ ಫೋಟೊವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು.

ಫೋಟೊ ಈಗ ನಮ್ಮ ವೀರಗಲ್ಲು. ವೃತ್ತಗಳಲ್ಲಿ ಫ್ಲೆಕ್ಸ್, ಮೊಬೈಲ್‌ನಲ್ಲಿ ಸ್ಟೇಟಸ್, ಪತ್ರಿಕೆಯಲ್ಲಿ ಶ್ರದ್ಧಾಂಜಲಿ, ಪಡಸಾಲೆಯಲ್ಲಿ ಕೆಂಪು ಬಲ್ಬಿನ ಕೆಳಗೆ ಚೌಕಟ್ಟು. ಸಾವಾದ ರಾತ್ರಿ ಗಡಿಬಿಡಿಯಲ್ಲಿ ಆರಿಸುವ ಈ ಚಿತ್ರ ಬಹಳ ಸಲ ಯಾರದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿದ್ದು, ಇಲ್ಲವೇ ಆಧಾರ್ ಕಾರ್ಡಿನದು. ಹಿನ್ನೆಲೆಗೆ ಸ್ಟುಡಿಯೊದವರು ಮೋಡವನ್ನೋ ಹಿಮಾಲಯವನ್ನೋ ಸೇರಿಸುತ್ತಾರೆ. ಹತ್ತು ವರ್ಷ ಕಳೆದರೆ ಮೊಮ್ಮಕ್ಕಳಿಗೆ ಅಜ್ಜಿ ಎಂದರೆ ಆ ಗಾಬರಿಯ, ಕ್ಯಾಮೆರಾ ಕಂಡು ಬಿಗಿದ ಮುಖ. ರೊಟ್ಟಿ ಬಡಿಯುತ್ತ ನಗುತ್ತಿದ್ದ ಮುಖ ಉಳಿಯುವುದಿಲ್ಲ. ಯಾವ ಚಿತ್ರ ಎಂಬ ನಿರ್ಧಾರಕ್ಕೆ ಇಷ್ಟು ಬಲವಿದೆ ಎಂಬುದು ಬಹುಶಃ ನಮ್ಮ ಹಿರಿಯರಿಗೆ ಗೊತ್ತು. ಅಲಿ ಬರೀದ ಗೋರಿ ಕಟ್ಟಿಸಿಕೊಂಡಂತೆ ಅವರಲ್ಲಿ ಅನೇಕರು ಗಟ್ಟಿಯಿರುವಾಗಲೇ ಪೇಟೆಗೆ ಹೋಗಿ ಫೋಟೊ ತೆಗೆಸಿ, ಅಳತೆ ಹೇಳಿ, ಚೌಕಟ್ಟು ಹಾಕಿಸಿ ಟ್ರಂಕಿನಲ್ಲಿ ಇಟ್ಟಿರುತ್ತಾರೆ. ರುಮಾಲು ಸುತ್ತಿಕೊಂಡು, ವಿಭೂತಿ ಧರಿಸಿ, ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತ ಫೋಟೊ. ಸ್ಟುಡಿಯೊದ ಹುಡುಗ ಸ್ವಲ್ಪ ನಗಿ ಎಂದರೆ ಕೆಲವರು ನಗುತ್ತಾರೆ, ಕೆಲವರು ಬೇಡ ಎನ್ನುತ್ತಾರೆ.